ತೊಟ್ಟಿಯಲ್ಲಿ ಕಳೆದುಹೋದ ಎಣ್ಣೆ: ಅಕ್ರಿಲಿಕ್ ನಾರಿನ ರಾಸಾಯನಿಕ ಸಂಸ್ಕರಣೆಯ ಒಂದು ಪ್ರಕರಣ

ಈ ಪ್ರಕರಣದ ಘಟಕ ಯಾವುದು, ಜನ ಯಾರು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಬರೆಯಲು ಅವರು ಒಪ್ಪಿದ್ದೇ ಆ ಮಾತಿನ ಮೇಲೆ. ಗುರುತು ಹತ್ತಬಾರದೆಂದು ಕೆಲವು ಅಳತೆಗಳನ್ನೂ ಸಂದರ್ಭಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ರಸಾಯನದ ನಡೆಯನ್ನು ಮಾತ್ರ ಮುಟ್ಟಿಲ್ಲ. ಬೆಂಗಳೂರಿನ ಹೊರವಲಯದಲ್ಲಿ, ಅಕ್ರಿಲಿಕ್ ನಾರನ್ನು ಕಾಯಿಸಿ ಕಾರ್ಬನ್ ಫೈಬರ್, ಅಂದರೆ ಇಂಗಾಲದ ಗಟ್ಟಿ ನಾರು, ಮಾಡಲು ಹೊರಟ ಹತ್ತು ಹನ್ನೆರಡು ಜನರ ಒಂದು ಪ್ರಾಯೋಗಿಕ ಘಟಕ ಎಂದಿಟ್ಟುಕೊಳ್ಳಿ. ಮುಖ್ಯಸ್ಥರು ಯಂತ್ರಶಾಸ್ತ್ರದವರು. ಸಂಸ್ಕರಣೆಯ ಹೊಣೆ ಹೊತ್ತಿದ್ದವರು ಪಾಲಿಮರ್ ರಸಾಯನದಲ್ಲಿ ಪದವಿ ಮುಗಿಸಿ ಬಂದ ಒಬ್ಬ ಯುವ ಸಂಶೋಧಕಿ. ಓವನ್ ಮತ್ತು ರೋಲರ್‌ಗಳನ್ನು ನೋಡಿಕೊಳ್ಳುತ್ತಿದ್ದವರು ಶಿಡ್ಲಘಟ್ಟದ ಕಡೆಯ, ರೇಷ್ಮೆ ನೂಲು ತೆಗೆಯುವ ಮನೆತನದಿಂದ ಬಂದ ಹಿರಿಯ ತಂತ್ರಜ್ಞರು. ನಾನು ತಿಂಗಳಿಗೆ ಎರಡು ಸಲ ಹೋಗಿ ಬರುತ್ತಿದ್ದ ಸಲಹೆಗಾರ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಬಟ್ಟೆಯ ನಾರೇ ಏಕೆ

ಕಾರ್ಬನ್ ಫೈಬರ್ ಎಂದರೆ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ತೇಜಸ್ ಯುದ್ಧವಿಮಾನ, ವಿಮಾನ ಸಂಶೋಧನೆಯ ರಾಷ್ಟ್ರೀಯ ಪ್ರಯೋಗಾಲಯ ಎನ್‌ಎಎಲ್. ಈ ಘಟಕದ ಗುರಿ ಅಷ್ಟು ಎತ್ತರದ್ದಲ್ಲ. ಹಳೆಯ ಸೇತುವೆ, ಕಟ್ಟಡಗಳ ಕಾಂಕ್ರೀಟ್ ಕಂಬಗಳಿಗೆ ಸುತ್ತಿ ಬಲ ಕೊಡುವ ಹಾಳೆಗೆ ಬೇಕಾದ ನಾರನ್ನು ಅಗ್ಗವಾಗಿ ಮಾಡಬೇಕಿತ್ತು. ಇಂದು ಜಗತ್ತಿನಲ್ಲಿ ತಯಾರಾಗುವ ಕಾರ್ಬನ್ ಫೈಬರ್‌ನ ಬಹುಪಾಲಿಗೆ ಮೂಲ ಪಾಲಿಅಕ್ರಿಲೋನೈಟ್ರೈಲ್, ರೂಢಿಯ ಮಾತಿನಲ್ಲಿ ಪ್ಯಾನ್. ಸಿದ್ಧ ನಾರಿನ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಈ ಮೂಲ ನಾರಿಗೇ ಹೋಗುತ್ತದೆ. ಸ್ವೆಟರ್, ಕಂಬಳಿಗೆ ಹೋಗುವ ಅಕ್ರಿಲಿಕ್ ಕೂಡ ಅದೇ ಕುಟುಂಬದ್ದು, ಬೆಲೆ ಮಾತ್ರ ಬಹಳ ಕಡಿಮೆ. ಅದನ್ನೇ ಏಕೆ ಸುಡಬಾರದು ಎಂಬ ಪ್ರಶ್ನೆ ಸಹಜವಾಗಿತ್ತು.

ಅದಕ್ಕೆ ಇತಿಹಾಸದ ಬೆಂಬಲವೂ ಇದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಲಿಯಂ ವಾಟ್ ಮತ್ತು ಸಂಗಡಿಗರು ಹೆಚ್ಚು ಬಿಗಿತದ ಕಾರ್ಬನ್ ಫೈಬರ್ ಮಾಡಿದಾಗ ಬಳಸಿದ್ದು ಕೋರ್ಟೆಲ್ ಎಂಬ ಬಟ್ಟೆಯ ಅಕ್ರಿಲಿಕ್ಕನ್ನೇ. ಗಾಳಿಯಲ್ಲಿ ಕಾಯಿಸುವಾಗ ನಾರು ಕುಗ್ಗದಂತೆ ಎಳೆದು ಹಿಡಿಯಬೇಕು ಎಂಬುದು ಅವರು ಕಂಡುಕೊಂಡ ಗುಟ್ಟು. ಆ ಕೋರ್ಟೆಲ್‌ನಲ್ಲಿ ಸ್ವಲ್ಪ ಇಟಕೋನಿಕ್ ಆಮ್ಲ ಬೆರೆತಿತ್ತು. ಅದು ಎಷ್ಟು ದೊಡ್ಡ ಅದೃಷ್ಟ ಎಂಬುದು ನಮಗೆ ಅರ್ಥವಾಗಿದ್ದು ನಮ್ಮ ನಾರಿನಲ್ಲಿ ಅದು ಇಲ್ಲದಿದ್ದಾಗ.

ಪ್ಯಾನ್ ನಾರನ್ನು ಹಾಗೇ ಬೆಂಕಿಗೆ ಹಾಕಿದರೆ ಕರಗಿ ಉರಿದುಹೋಗುತ್ತದೆ. ಮೊದಲು 200ರಿಂದ 300 ಡಿಗ್ರಿ ಸೆಲ್ಸಿಯಸ್ ನಡುವೆ ಗಾಳಿಯಲ್ಲಿ ನಿಧಾನವಾಗಿ ಕಾಯಿಸಬೇಕು. ಪ್ಯಾನ್‌ನ ಉದ್ದನೆಯ ಅಣುಸರಪಳಿಗೆ ಜೋತುಬಿದ್ದಿರುವ ನೈಟ್ರೈಲ್ (ಇಂಗಾಲ-ನೈಟ್ರೋಜನ್) ಗುಂಪುಗಳು ಪಕ್ಕಪಕ್ಕದಲ್ಲಿ ಕೈಹಿಡಿದು ಉಂಗುರಗಳಾಗುತ್ತವೆ, ಸರಪಳಿ ಏಣಿಯಾಗುತ್ತದೆ, ಆಮ್ಲಜನಕ ಒಳಸೇರುತ್ತದೆ. ಬಿಳಿ ನಾರು ಹಳದಿಯಾಗಿ, ಕಂದಾಗಿ, ಕಡೆಗೆ ಕಪ್ಪಾಗುತ್ತದೆ. ಇದೇ ಸ್ಥಿರೀಕರಣ. ಇದು ಮುಗಿದ ಮೇಲೆ ಬೆಂಕಿಕಡ್ಡಿ ಹಿಡಿದರೂ ನಾರು ಹೊತ್ತಿಕೊಳ್ಳುವುದಿಲ್ಲ. ಆಮೇಲೆ ನೈಟ್ರೋಜನ್‌ನಲ್ಲಿ 1000 ಡಿಗ್ರಿ ದಾಟಿಸಿದರೆ ಉಳಿದ ಮೂಲವಸ್ತುಗಳು ಅನಿಲವಾಗಿ ಹೊರಟು, ತೂಕದ ಅರ್ಧದಷ್ಟು ಇಂಗಾಲ ಉಳಿಯುತ್ತದೆ.

ಉಂಗುರ ಕಟ್ಟುವ ಆ ಕ್ರಿಯೆ ತಾನೇ ಶಾಖ ಬಿಡುತ್ತದೆ. ಹಸಿ ಹುಲ್ಲನ್ನು ಒಟ್ಟಿದ ಬಣವೆ ಒಳಗೊಳಗೇ ಕಾವೇರಿ ಒಂದು ದಿನ ಹೊತ್ತಿಕೊಳ್ಳುವುದನ್ನು ಹಳ್ಳಿಯವರು ಕಂಡಿದ್ದಾರೆ. ಸಾವಿರಾರು ಎಳೆಗಳ ಕಟ್ಟಾದ ಟೋ ಕೂಡ ಹಾಗೆಯೇ. ಇಟಕೋನಿಕ್ ಆಮ್ಲ ಇದ್ದರೆ ಕ್ರಿಯೆ ಕಡಿಮೆ ತಾಪದಲ್ಲೇ ಶುರುವಾಗಿ ನಿಧಾನವಾಗಿ ಹರಡಿಕೊಳ್ಳುತ್ತದೆ. ನಮ್ಮ ನಾರಿನಲ್ಲಿ ಬೆರೆತಿದ್ದುದು ಮೀಥೈಲ್ ಅಕ್ರಿಲೇಟ್ ಎಂಬ ಇನ್ನೊಂದು ವಸ್ತು ಮಾತ್ರ. ಹಾಗಾಗಿ ಕ್ರಿಯೆ ತಡವಾಗಿ ಶುರುವಾಗುತ್ತಿತ್ತು, ಶುರುವಾದರೆ ಒಮ್ಮೆಗೇ ಭುಗಿಲೇಳುತ್ತಿತ್ತು.

ಬಿಕ್ಕಟ್ಟು

ಓವನ್‌ನಲ್ಲಿ ನಾಲ್ಕು ವಲಯ, 225ರಿಂದ 260 ಡಿಗ್ರಿವರೆಗೆ. ಒಟ್ಟು 100 ನಿಮಿಷ ಕೊಟ್ಟರೆ ನಾರು ಸುರಕ್ಷಿತವಾಗಿ ಹೊರಬರುತ್ತಿತ್ತು. ಖರ್ಚಿನ ಲೆಕ್ಕ ಕೂಡಬೇಕಾದರೆ 65 ನಿಮಿಷಕ್ಕೆ ಇಳಿಸಬೇಕಿತ್ತು. ತಾಪ ಹೆಚ್ಚಿಸಿದಾಗಲೆಲ್ಲ ಮೂರನೇ ವಲಯದಲ್ಲಿ ಟೋ ಹೊಗೆಯಾಡಿ ಕಡಿಯುತ್ತಿತ್ತು. ಒಂದು ಸಲ ಓವನ್ ಬಾಗಿಲಿನ ಗಾಜಿನಲ್ಲಿ ಕೆಂಡದ ಗೆರೆಯೇ ಕಂಡಿತು.

ಪಾಲಿಮರನ್ನು ಬದಲಿಸುವಂತಿಲ್ಲ, ಕೊಂಡು ತಂದದ್ದು. ಉಳಿದ ದಾರಿ ಒಂದೇ: ಓವನ್‌ಗೆ ಹೋಗುವ ಮುಂಚೆ ನಾರನ್ನು ರಾಸಾಯನಿಕ ತೊಟ್ಟಿಯಲ್ಲಿ ಹಾಯಿಸಿ, ಉಂಗುರ ಕಟ್ಟುವ ಕ್ರಿಯೆಯನ್ನು ಬೇಗ ಚುರುಕುಗೊಳಿಸುವುದು. ಹೈಡ್ರಜೀನ್, ಹೈಡ್ರಾಕ್ಸಿಲಮೀನ್, ಕೋಬಾಲ್ಟ್ ಕ್ಲೋರೈಡ್, ಪೊಟ್ಯಾಷಿಯಂ ಪರ್ಮ್ಯಾಂಗನೇಟ್ ಹೀಗೆ ಪಟ್ಟಿ ಉದ್ದವಿದೆ. ಹೈಡ್ರಜೀನ್ ಎಂಬ ಹೆಸರು ಬಂದ ಕೂಡಲೇ ಮುಖ್ಯಸ್ಥರು ಕೈಯಾಡಿಸಿದರು. ಅಷ್ಟು ವಿಷದ ವಸ್ತುವನ್ನು ಇಷ್ಟು ಸಣ್ಣ ಜಾಗದಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದರು. ಸರಿಯಾದ ತೀರ್ಮಾನ. ಪರ್ಮ್ಯಾಂಗನೇಟ್ ಎಲ್ಲರಿಗೂ ಗೊತ್ತಿರುವ ವಸ್ತು, ಬಾವಿ ನೀರಿಗೆ ಹಾಕುವ ಅದೇ ನೇರಳೆ ಹರಳು. ತೈವಾನಿನ ಸಂಶೋಧಕರು 1980ರ ದಶಕದ ಕೊನೆಯಿಂದ ಅದರ ಬಗ್ಗೆ ಸಾಲುಸಾಲಾಗಿ ಪ್ರಬಂಧ ಪ್ರಕಟಿಸಿದ್ದರು: ನೈಟ್ರೈಲ್ ಬಂಧವನ್ನು ಮೊದಲೇ ಸಡಿಲಿಸಿ, ನಾರನ್ನು ಮೆದುವಾಗಿಸಿ, ಸ್ಥಿರೀಕರಣವನ್ನು ಬೇಗ ಮುಗಿಸುತ್ತದೆ ಎಂದು. ಅದನ್ನೇ ಆರಿಸಿಕೊಂಡೆವು.

ಮೊದಲ ಗೆಲುವು, ಅದರ ಹಿಂದೆಯೇ ಸೋಲು

5% ದ್ರಾವಣ, 85 ಡಿಗ್ರಿ, 2 ನಿಮಿಷ. ತೊಳೆದು, ಒಣಗಿಸಿ, ಓವನ್. ಉಷ್ಣಮಾಪನದಲ್ಲಿ ಶಾಖ ಬಿಡುಗಡೆ ಮೊದಲಿಗಿಂತ ಕಡಿಮೆ ತಾಪದಲ್ಲೇ ಶುರುವಾಗಿತ್ತು, ಚೂಪಾಗಿದ್ದ ಶಿಖರ ಅಗಲವಾಗಿತ್ತು. 65 ನಿಮಿಷಕ್ಕೆ ನಾರಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.18 ಗ್ರಾಂನಿಂದ 1.37ಕ್ಕೆ ಏರಿತು. ಸ್ಥಿರೀಕರಣ ಮುಗಿಯಿತು ಎನ್ನಲು ಕ್ಷೇತ್ರದಲ್ಲಿ ಎಲ್ಲರೂ ನೋಡುವ ಅಂಕಿ ಸರಿಸುಮಾರು ಅದೇ. ಬೆಂಕಿಕಡ್ಡಿ ಪರೀಕ್ಷೆಯಲ್ಲೂ ಗೆದ್ದಿತು. ಆ ಸಂಜೆ ಮುಖ್ಯಸ್ಥರು ಎಲ್ಲರಿಗೂ ಮೈಸೂರ್‌ಪಾಕ್ ತರಿಸಿದರು.

ಮರುವಾರ 1300 ಡಿಗ್ರಿಯ ಕುಲುಮೆಯಿಂದ ಹೊರಬಂದ ಟೋ ತೆಂಗಿನ ಪೊರಕೆಯ ಹಾಗಿತ್ತು. ರೋಲರ್ ಮೇಲೆ ಬಾಗುವ ಮೊದಲೇ ಲಟಲಟ ಮುರಿಯುತ್ತಿತ್ತು. ಬಲ ಅಳೆಯಲು ಒಂದೊಂದೇ ಎಳೆ ಬಿಡಿಸಿ 25 ಮಿಲಿಮೀಟರ್ ಉದ್ದಕ್ಕೆ ಕಾಗದದ ಚೌಕಟ್ಟಿಗೆ ಅಂಟಿಸಬೇಕು. ಬಿಡಿಸಲು ಎಳೆಯೇ ಸಿಗಲಿಲ್ಲ, ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಗೂ ಹೀಗೂ ಬಿಡಿಸಿದವುಗಳ ಬಲ, ಏನೂ ಮಾಡದ 100 ನಿಮಿಷದ ನಾರಿಗಿಂತ ಬಹಳ ಕೆಳಗಿತ್ತು.

ಇಲ್ಲಿಂದ ಸುಮಾರು ಎರಡು ತಿಂಗಳು ನಾವು ದಾರಿ ತಪ್ಪಿದೆವು. ಪರ್ಮ್ಯಾಂಗನೇಟ್ ಜಾಸ್ತಿಯಾಗಿರಬೇಕು ಎಂದು ನಾನೇ ಹೇಳಿದೆ. 5ರಿಂದ 2ಕ್ಕೆ, 2ರಿಂದ 1%ಗೆ ಇಳಿಸಿದೆವು. ಅಂಟು ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಎಳೆತ ಹೆಚ್ಚಿಸಿದಾಗ ಎಳೆಗಳು ಕಡಿದು ಟೋ ಮೈತುಂಬ ಜೂಲೆದ್ದಿತು. ತೊಟ್ಟಿಯಲ್ಲಿ ಇಡುವ ಸಮಯ ಬದಲಿಸಿದೆವು, ಒಣಗಿಸುವ ತಾಪ ಬದಲಿಸಿದೆವು. ಪ್ರತಿ ಬದಲಾವಣೆಗೂ ಒಂದು ವಿವರಣೆ ಸಿದ್ಧವಿರುತ್ತಿತ್ತು, ಎಲ್ಲ ವಿವರಣೆಯಲ್ಲೂ ಅಪರಾಧಿ ಆ ನೇರಳೆ ಹರಳೇ. ಈಗ ಯೋಚಿಸಿದರೆ, ಆ ಎರಡು ತಿಂಗಳ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಇರಲೇ ಇಲ್ಲ.

ತಿರುವು

ಅದನ್ನು ಕಂಡುಹಿಡಿದವರು ತಂತ್ರಜ್ಞರು. ತೊಟ್ಟಿಯಿಂದ ಬಂದು ಒಣಗಿದ ಟೋವನ್ನು ಅವರು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ನೋಡಿದರು. ಆಮೇಲೆ ಪೆಟ್ಟಿಗೆಯಿಂದ ಆಗಷ್ಟೇ ಬಿಚ್ಚಿದ ಟೋವನ್ನೂ ಹಾಗೇ ಹೊಸೆದರು.

“ಮೇಡಂ, ಇದ್ರಲ್ಲಿ ಜಾರೋ ಗುಣ ಹೋಗ್ಬಿಟ್ಟಿದೆ. ಪೆಟ್ಟಿಗೇಲಿ ಬಂದಾಗ ಎಳೆ ಎಳೆ ಜಾರತ್ತೆ, ಇದು ಜಾರ್ತಿಲ್ಲ. ಸರಿಯಾಗಿ ಬೇಯದ ಗೂಡಿಂದ ನೂಲು ತೆಗೆದ್ರೆ ಹೀಗೇ ಒಂದಕ್ಕೊಂದು ಹಿಡ್ಕೊಳ್ಳೋದು.”

“ಅಣ್ಣಾ, ರೇಷ್ಮೆಗೆ ಅದರದೇ ಅಂಟಿರತ್ತಲ್ಲ, ಇದಕ್ಕೆ ಅಂಟೆಲ್ಲಿಂದ ಬರತ್ತೆ?”

“ಅಂಟು ಬಂದಿಲ್ಲಮ್ಮ. ಎಣ್ಣೆ ಹೋಗಿದೆ.”

ಗಿರಣಿಯಿಂದ ಬರುವ ನಾರಿಗೆಲ್ಲ ಎಳೆಗಳು ಉಜ್ಜದಿರಲಿ, ಸ್ಥಿರವಿದ್ಯುತ್ ಹಿಡಿಯದಿರಲಿ ಎಂದು ತೆಳುವಾದ ಎಣ್ಣೆಯ ಲೇಪ ಹಾಕಿರುತ್ತಾರೆ. ನಮ್ಮ ತೊಟ್ಟಿ ಅದನ್ನು ತೊಳೆದುಹಾಕುತ್ತಿತ್ತು. ಬರಿ ಮೈಯ ಎಳೆಗಳು ಓವನ್‌ನಲ್ಲಿ ಮೆತ್ತಗಾಗುವ ಹೊತ್ತಿಗೆ ಪಕ್ಕದ ಎಳೆಗೆ ಅಂಟಿಕೊಂಡು, ಹಾಗೆಯೇ ಗಟ್ಟಿಯಾಗುತ್ತಿದ್ದವು. ಇಂಗಾಲವಾದ ಮೇಲೆ ಅಂಟಿದ ಪ್ರತಿ ಜಾಗವೂ ಒಂದು ಬಿರುಕಿನ ಬೀಜ. ಕಾರ್ಬನ್ ಫೈಬರ್ ಗಾಜಿನಂತೆ ಪೆಡಸು, ಅದರ ಬಲವನ್ನು ನಿರ್ಧರಿಸುವುದು ಉದ್ದದಲ್ಲಿ ಎಲ್ಲೋ ಇರುವ ಅತಿ ಕೆಟ್ಟ ಒಂದು ದೋಷ.

ಊಹೆಯನ್ನು ಪರೀಕ್ಷಿಸಲು ಅರ್ಧ ದಿನ ಸಾಕಾಯಿತು. ಸಂಶೋಧಕಿ ತೊಟ್ಟಿ ಖಾಲಿ ಮಾಡಿಸಿ, ಬರಿ ಶುದ್ಧ ನೀರು ತುಂಬಿ, ಅದೇ 85 ಡಿಗ್ರಿ, ಅದೇ 2 ನಿಮಿಷ ಟೋ ಹಾಯಿಸಿದರು. ಪರ್ಮ್ಯಾಂಗನೇಟ್‌ನ ಒಂದು ಹರಳೂ ಇಲ್ಲ. ಓವನ್‌ನಿಂದ ಬಂದ ನಾರು ಅಷ್ಟೇ ಕೆಟ್ಟದಾಗಿ ಅಂಟಿತ್ತು. ಇದೇ ನೋಟ್‌ಬುಕ್ಕಿನಲ್ಲಿ ಇಲ್ಲದ ಸಾಲು. ಸಂಸ್ಕರಿಸಿದ್ದನ್ನು ಸಂಸ್ಕರಿಸದ್ದರ ಜೊತೆ ಹೋಲಿಸಿದ್ದೆವೇ ಹೊರತು, ಬರಿ ನೀರಿನಲ್ಲಿ ಅದ್ದಿದ್ದರ ಜೊತೆ ಹೋಲಿಸಿರಲಿಲ್ಲ. ಆ ಪ್ರಯೋಗ ಮಾಡಿ ಎಂದು ಮೊದಲ ವಾರವೇ ಹೇಳಬೇಕಾದವನು ನಾನು.

ಎಣ್ಣೆಯನ್ನು ಮರಳಿ ಹಾಕುವಾಗ

ಪರಿಹಾರ ಸುಲಭ ಅನ್ನಿಸಿತು: ತೊಟ್ಟಿಯ ನಂತರ ಹೊಸ ಲೇಪ ಹಾಕುವುದು. ಹೇಗೂ ಹಾಕುವುದಾದರೆ ಓವನ್‌ನ ಬಿಸಿ ತಡೆಯುವ ಸಿಲಿಕೋನ್ ಎಣ್ಣೆಯ ಎಮಲ್ಷನ್ನೇ ಇರಲಿ ಎಂದುಕೊಂಡೆವು. ಕಾರ್ಬನ್ ಫೈಬರ್‌ಗೆಂದೇ ನೂಲುವ ಪ್ಯಾನ್ ನಾರಿಗೆ ಹಾಕುವುದು ಅದನ್ನೇ.

ಮೊದಲ ದಿನವೇ ಒಣಗಿಸುವ ಬಿಸಿ ರೋಲರ್ ಮೇಲೆ ಟೋ ಹೊಗೆಯಾಡಿ ಕಿಡಿ ಹಿಡಿಯಿತು. ತಂತ್ರಜ್ಞರು ತಕ್ಷಣ ಟೋ ಕತ್ತರಿಸಿ ನೀರು ಸುರಿದಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಕಾರಣ ನಮ್ಮ ಕಣ್ಣೆದುರೇ ಇತ್ತು. ಪರ್ಮ್ಯಾಂಗನೇಟ್ ಪ್ರಬಲ ಉತ್ಕರ್ಷಕ. ಅದು ಉಳಿದ ನಾರಿಗೆ ಸಾವಯವ ದ್ರವ ಸವರಿ ಬಿಸಿ ಮಾಡುವುದು ಬೆಂಕಿಗೆ ಆಹ್ವಾನ. ಇಂಥ ತೊಟ್ಟಿ ಇಡುವವರಿಗೆಲ್ಲ ಇದನ್ನು ಒತ್ತಿ ಹೇಳುತ್ತೇನೆ: ತೊಳೆದ ನೀರಿನಲ್ಲಿ ಗುಲಾಬಿ ಬಣ್ಣದ ಎಳೆಯೂ ಕಾಣದಂತಾಗುವವರೆಗೆ ಎಣ್ಣೆ ಹತ್ತಿರ ಬರಬಾರದು.

ಗುಲಾಬಿ ಬಣ್ಣ ಹೋದರೂ ಕಂದು ಉಳಿಯುತ್ತದೆ. ಅದು ಎಳೆಗಳ ಮೇಲೆ ಕೂತ ಮ್ಯಾಂಗನೀಸ್ ಡೈಆಕ್ಸೈಡ್. ಬರಿ ನೀರಿಗೆ ಬಿಡುವುದಿಲ್ಲ. ಆಮ್ಲೀಯ ಆಕ್ಸಾಲಿಕ್ ದ್ರಾವಣದಲ್ಲಿ ಕರಗುತ್ತದೆ. ಬಿಟ್ಟರೆ ಕುಲುಮೆಯಲ್ಲಿ ಅದು ಗುಳಿ ಕೊರೆಯುತ್ತದೆ. ಜೊತೆಗಿರುವ ಪೊಟ್ಯಾಷಿಯಂ, ಎಲ್ಲ ಕ್ಷಾರ ಲೋಹಗಳಂತೆ, ಬಿಸಿ ಗಾಳಿಯಲ್ಲಿ ಇಂಗಾಲ ಬೇಗ ಸವೆಯಲು ದಾರಿ ಮಾಡುತ್ತದೆ. ಹೀಗೆ ತೊಳೆಯುವ ತೊಟ್ಟಿ ಒಂದಿದ್ದದ್ದು ಮೂರಾಯಿತು. ಬಿಟ್ಟ ನೀರಿನಿಂದ ಮ್ಯಾಂಗನೀಸ್ ಇಳಿಸಿ ತೆಗೆಯಲು ಸುಣ್ಣದ ತೊಟ್ಟಿ ಬೇರೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಪ್ಯಾನ್ ಕಾದಾಗ ಹೈಡ್ರೋಜನ್ ಸಯನೈಡ್ ಬರುತ್ತದೆ, ಕುಲುಮೆಯಿಂದ ಮಾತ್ರವಲ್ಲ, ಸ್ಥಿರೀಕರಣದ ಓವನ್‌ನಿಂದಲೂ. ಕ್ರಿಯೆ ಚುರುಕಾದರೆ ಅನಿಲವೂ ಕಡಿಮೆ ಸಮಯದಲ್ಲಿ ಒತ್ತೊತ್ತಾಗಿ ಬರುತ್ತದೆ. ಕಹಿ ಬಾದಾಮಿಯ ವಾಸನೆ ಬರುತ್ತದೆ ಎಂದು ಮೂಗನ್ನು ನಂಬಬಾರದು, ಅನೇಕರಿಗೆ ಹುಟ್ಟಿನಿಂದಲೇ ಆ ವಾಸನೆ ತಿಳಿಯುವುದಿಲ್ಲ. ಸಮಯ ಇಳಿಸುವ ಪ್ರಯೋಗಕ್ಕೆ ಮುಂಚೆ ಹೊಗೆಯನ್ನು ಸುಡುವ ಬರ್ನರ್‌ನ ಸಾಮರ್ಥ್ಯವನ್ನೂ ಗೋಡೆಯ ಮೇಲಿನ ಅನಿಲಮಾಪಕಗಳನ್ನೂ ಮುಖ್ಯಸ್ಥರು ಹೆಚ್ಚಿಸಿದ್ದರು. ಇಡೀ ಪ್ರಕರಣದಲ್ಲಿ ಮೊದಲ ದಿನದಿಂದ ಸರಿಯಾಗಿ ನಡೆದ ಕೆಲಸ ಅದು.

ಸರಾಸರಿ ಮುಚ್ಚಿಟ್ಟದ್ದು

ಅಂಟು ಹೋಯಿತು, ಎಳೆಗಳು ಬಿಡಿಬಿಡಿಯಾಗಿ ಬಂದವು, ಬಲ ಏರಿತು. ಆದರೆ ಪರೀಕ್ಷೆಯಿಂದ ಪರೀಕ್ಷೆಗೆ ಅಂಕಿಗಳು ಚೆಲ್ಲಾಪಿಲ್ಲಿ. ಸಂಶೋಧಕಿ ಸ್ಥಿರೀಕರಿಸಿದ ಟೋವನ್ನು ಎಪಾಕ್ಸಿಯಲ್ಲಿ ಹುಗಿದು, ಅಡ್ಡಕೊಯ್ದು, ನಯವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿಟ್ಟರು. ಪ್ರತಿ ಎಳೆಯೂ ಕಪ್ಪು ಉಂಗುರ, ನಡುವೆ ಮಾಸಲು ತಿರುಳು. ತೊಟ್ಟಿಯ ರಾಸಾಯನಿಕ ಹೆಚ್ಚಾಗಿ ಹೊರಪದರದಲ್ಲೇ ನಿಂತಿತ್ತು. ಹೊರಪದರ ಬೇಗ ಗಟ್ಟಿಯಾಗಿ, ಒಳಗೆ ಆಮ್ಲಜನಕ ಇಳಿಯುವ ದಾರಿಯನ್ನೇ ಕಿರಿದು ಮಾಡಿತ್ತು. ಸಾಂದ್ರತೆಯ ಆ 1.37 ಅತಿಯಾಗಿ ಬೆಂದ ಸಿಪ್ಪೆ ಮತ್ತು ಅರೆಬೆಂದ ತಿರುಳಿನ ಸರಾಸರಿ. ಕುಲುಮೆಯಲ್ಲಿ ಆ ಅರೆಬೆಂದ ತಿರುಳು ವಿಘಟಿಸಿ ಅನಿಲವಾಗಿ ನಡುವೆ ಪೊಳ್ಳು ಉಳಿಯುತ್ತಿತ್ತು. ಮೊದಲ ದಿನ ಮೈಸೂರ್‌ಪಾಕ್ ತಿನ್ನಿಸಿದ್ದು ಇದೇ ಅಂಕಿ.

ಬಟ್ಟೆಯ ನಾರು ದಪ್ಪ. 1.5 ಡೆನಿಯರ್ (9000 ಮೀಟರ್ ಎಳೆಯ ತೂಕ 1.5 ಗ್ರಾಂ) ಎಂದರೆ ಎಳೆಯ ವ್ಯಾಸ 13 ಮೈಕ್ರಾನ್‌ಗೂ ಸ್ವಲ್ಪ ಹೆಚ್ಚು. ಆಮ್ಲಜನಕ ನಡುವಿಗೆ ತಲುಪುವ ಸಮಯ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾದರೆ ಎಳೆಯನ್ನೇ ತೆಳ್ಳಗೆ ಮಾಡಿದರೆ? ಬಿಸಿನೀರು ಪ್ಯಾನ್‌ಗೆ ಮೆದುಕಾರಕ. ತೊಟ್ಟಿಯಲ್ಲಿ ಇರುವ ಎರಡು ನಿಮಿಷದಲ್ಲೇ, ಹೊರಬರುವ ರೋಲರ್ ವೇಗ ಹೆಚ್ಚಿಸಿ ಟೋವನ್ನು 1.4 ಪಟ್ಟು ಎಳೆದೆವು. ವ್ಯಾಸ 11 ಮೈಕ್ರಾನ್ ಹತ್ತಿರಕ್ಕೆ ಇಳಿಯಿತು. ಅಡ್ಡಕೊಯ್ತದ ವಿಸ್ತೀರ್ಣ 1.4 ಪಟ್ಟು ಕುಗ್ಗಿದರೆ ಆಮ್ಲಜನಕಕ್ಕೆ ಬೇಕಾದ ಸಮಯವೂ ಅಷ್ಟೇ ಕುಗ್ಗಬೇಕು, ಅಂದರೆ 100 ನಿಮಿಷ 71ಕ್ಕೆ. ಸರಪಳಿಗಳು ನಾರಿನ ಉದ್ದಕ್ಕೆ ಸಾಲುಗಟ್ಟುವುದು ಇದರ ಜೊತೆಗಿನ ಲಾಭ.

ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ಸಂಶೋಧಕಿ ಸುಮ್ಮನಾದರು. ನಮಗೆ ಬೇಕಾದ ಲಾಭದ ಬಹುಪಾಲು ನೀರು ಮತ್ತು ಎಳೆತದಿಂದಲೇ ಬರುವುದಾದರೆ ಪರ್ಮ್ಯಾಂಗನೇಟ್‌ನ ಪಾಲು ಎಷ್ಟು? ಮೂರು ತಿಂಗಳು ಅದಕ್ಕಾಗಿ ದುಡಿದವರು ಈ ಪ್ರಶ್ನೆಯನ್ನು ತಾವೇ ಕೇಳಿಕೊಂಡರು. ಅಂಥ ಪ್ರಾಮಾಣಿಕತೆ ಕೆಲಸದ ಜಾಗದಲ್ಲಿ ಅಪರೂಪ.

ನಾಲ್ಕು ಟೋ

ಈ ಸಲ ಹೋಲಿಕೆಯನ್ನು ಸರಿಯಾಗಿ ಕಟ್ಟಿದೆವು. ಒಂದೇ ಪೆಟ್ಟಿಗೆಯ ನಾರಿನಿಂದ ನಾಲ್ಕು ಟೋ. ಮೊದಲನೆಯದು ಬಂದ ಹಾಗೇ. ಎರಡನೆಯದು ಬಿಸಿನೀರಿನಲ್ಲಿ ತೊಳೆದು, ಎಳೆಯದೆ, ಸಿಲಿಕೋನ್ ಲೇಪ. ಮೂರನೆಯದು ಬಿಸಿನೀರಿನಲ್ಲಿ 1.4 ಪಟ್ಟು ಎಳೆದು ಲೇಪ. ನಾಲ್ಕನೆಯದು ಪರ್ಮ್ಯಾಂಗನೇಟ್‌ನಲ್ಲಿ ಅಷ್ಟೇ ಎಳೆದು, ಆಕ್ಸಾಲಿಕ್‌ನಲ್ಲಿ ತೊಳೆದು ಲೇಪ. ಸ್ಥಿರೀಕರಣ ಮುಗಿದದ್ದನ್ನು ಸಾಂದ್ರತೆಯಿಂದಲ್ಲ, ಅಡ್ಡಕೊಯ್ತದಲ್ಲಿ ಉಂಗುರ ಮಾಯವಾಗುವುದರಿಂದ ತೀರ್ಮಾನಿಸಿದೆವು.

ಮೊದಲ ಎರಡಕ್ಕೂ 100 ನಿಮಿಷವೇ ಬೇಕಾಯಿತು. ಎರಡನೆಯದರ ಎಳೆಗಳು ಮಾತ್ರ ಹೆಚ್ಚು ಬಿಡಿಬಿಡಿ. ಮೂರನೆಯದು 70 ದಾಟಿದ ಸ್ವಲ್ಪ ಹೊತ್ತಿಗೆ ಮುಗಿಯಿತು, ಬೋರ್ಡಿನ ಲೆಕ್ಕಕ್ಕೆ ಹತ್ತಿರ. ನಾಲ್ಕನೆಯದು ಇನ್ನೂ ಏಳೆಂಟು ನಿಮಿಷ ಮುಂಚೆ. ಬಲದಲ್ಲಿ ಮೂರು ಮತ್ತು ನಾಲ್ಕರ ಸರಾಸರಿ ಹೆಚ್ಚುಕಡಿಮೆ ಒಂದೇ, ಆದರೆ ನಾಲ್ಕನೆಯದರ ಅಂಕಿಗಳು ಹೆಚ್ಚು ಹರಡಿದ್ದವು. ಸುಟ್ಟು ನೋಡಿದರೆ ಬೂದಿಯೂ ಅದರಲ್ಲೇ ಹೆಚ್ಚು.

ಸಭೆಯಲ್ಲಿ ಮುಖ್ಯಸ್ಥರು ಕೇಳಿದ್ದು ಒಂದೇ ಪ್ರಶ್ನೆ: “ಏಳೆಂಟು ನಿಮಿಷಕ್ಕೆ ಮೂರು ತೊಟ್ಟಿ ನೀರು, ಸುಣ್ಣ, ಮ್ಯಾಂಗನೀಸ್ ಕೆಸರು, ಬೆಂಕಿಯ ಭಯ. ಬೇಕಾ?” ಸಂಶೋಧಕಿ ವಾದ ಮಾಡಿದರು, ಒಳ್ಳೆಯ ವಾದ. ಪರ್ಮ್ಯಾಂಗನೇಟ್ ಸಮಯ ಉಳಿಸಿದ್ದು ಕಡಿಮೆ ಇರಬಹುದು, ಆದರೆ ಶಾಖದ ಶಿಖರವನ್ನು ಅಗಲ ಮಾಡಿದ್ದು ನಿಜ, ತೊಳೆದ ಮೇಲೂ ಆ ಗುಣದ ಒಂದು ಪಾಲು ಉಳಿದಿದೆ. ಸಣ್ಣ ಟೋದಲ್ಲಿ ಅದರ ಬೆಲೆ ಕಾಣುವುದಿಲ್ಲ, ಏಕೆಂದರೆ ಶಾಖ ಹೇಗೂ ಗಾಳಿಗೆ ಹೋಗುತ್ತದೆ. ಟೋ ದಪ್ಪವಾದಷ್ಟೂ ಬಣವೆಯ ಅಪಾಯ ಹೆಚ್ಚು, ಬಟ್ಟೆಯ ಅಕ್ರಿಲಿಕ್ ಬರುವುದೇ ಭಾರಿ ದಪ್ಪದ ಟೋಗಳಲ್ಲಿ. ನಾವು ಅದನ್ನು ಸೀಳಿ ಬಳಸುತ್ತಿದ್ದೇವೆ, ಸೀಳುವುದಕ್ಕೂ ಖರ್ಚಿದೆ.

ನನ್ನ ಮತ ಮುಖ್ಯಸ್ಥರ ಕಡೆಗಿತ್ತು, ಈಗಲೂ ಇದೆ. ಕಂಬಕ್ಕೆ ಸುತ್ತುವ ಹಾಳೆಗೆ ಬೇಕಾದದ್ದು ದಿನದಿಂದ ದಿನಕ್ಕೆ ಒಂದೇ ಬಗೆಯ ನಾರು, ಅದನ್ನು ಮೂರನೇ ದಾರಿ ಕೊಡುತ್ತಿತ್ತು. 65 ನಿಮಿಷದ ಗುರಿಯನ್ನು ಬಿಟ್ಟು 75ಕ್ಕೆ ಒಪ್ಪಿದರು. ಹೆಚ್ಚಿನ ಮೂರು ನಾಲ್ಕು ನಿಮಿಷ ತಿರುಳಿಗಾಗಿ ಇಟ್ಟ ಮೀಸಲು. ಬಿಸಿನೀರಿನ ಎಳೆತ, ಸಿಲಿಕೋನ್ ಲೇಪ, ಪ್ರತಿ ಪಾಳಿಗೆ ಒಂದು ಅಡ್ಡಕೊಯ್ತ: ಇವಿಷ್ಟು ಮುಖ್ಯ ಸಾಲಿಗೆ ಸೇರಿದವು. ತೊಟ್ಟಿಯ ನೀರಿನಲ್ಲಿ ಎಣ್ಣೆ ಕಟ್ಟಿಕೊಂಡು ಮತ್ತೆ ನಾರಿಗೇ ಹತ್ತದಂತೆ ಎಷ್ಟು ಗಂಟೆಗೊಮ್ಮೆ ನೀರು ಬದಲಿಸಬೇಕೆಂಬ ಪಟ್ಟಿಯನ್ನು ತಂತ್ರಜ್ಞರೇ ಬರೆದು ಗೋಡೆಗೆ ಅಂಟಿಸಿದರು.

ಪರ್ಮ್ಯಾಂಗನೇಟ್ ತೊಟ್ಟಿಯನ್ನು ಎಸೆಯಲಿಲ್ಲ. ಸೀಳದ ದಪ್ಪ ಟೋ ಮೇಲೆ ಸಂಶೋಧಕಿ ಅದನ್ನು ಮತ್ತೆ ಪರೀಕ್ಷಿಸುತ್ತಿದ್ದಾರೆ, ಈ ಸಲ 0.5%ಗೂ ಕೆಳಗಿನ ದ್ರಾವಣದಲ್ಲಿ, ಟೋದ ನಡುವೆ ತೆಳುವಾದ ಉಷ್ಣಯುಗ್ಮ ತೂರಿಸಿ, ಒಳಗಿನ ಕಾವು ಓವನ್ ಗಾಳಿಗಿಂತ ಎಷ್ಟು ಮೇಲೇರುತ್ತದೆ ಎಂದು ನೋಡುತ್ತಾ. ಪಕ್ಕದ ತೊಟ್ಟಿಯಲ್ಲಿ ಅದೇ ತಾಪದ ಬರಿ ನೀರು ಇರುತ್ತದೆ, ಪ್ರತಿ ಟೋಗೂ ಒಂದು ಜೋಡಿ.